ಚಳಿಗಾಲದ ರಜೆ ಪೂರ್ತಿ ನೆಂಟರ ಮನೆಯಲ್ಲಿ: ದಾವಣಗೆರೆ, ದುರ್ಗದವರು ಸಲಹೆ ಕೊಡಿ

ವಿದ್ಯಾನಗರದ ಮಗಳು:
ಎಲ್ಲರಿಗೂ ನಮಸ್ಕಾರ. ಯಜಮಾನರ ಕೆಲಸದ ಸಲುವಾಗಿ ನಾವು ದೆಹಲಿ ಕಡೆ ಇದ್ದೇವೆ. ನನ್ನ ತವರು ದಾವಣಗೆರೆಯ ವಿದ್ಯಾನಗರ. ಯಜಮಾನರ ಊರು ಚಿತ್ರದುರ್ಗ. ಅಲ್ಲಿ ಭಾವ, ವಾರಗಿತ್ತಿ, ಅತ್ತೆ ಇದ್ದಾರೆ. ನಾದಿನಿಯನ್ನು ಹರಿಹರಕ್ಕೆ ಕೊಟ್ಟಿದ್ದೇವೆ. ಇನ್ನು ದೊಡ್ಡಪ್ಪ, ಚಿಕ್ಕಮ್ಮ, ಸೋದರಮಾವ ಅಂತ ಎರಡೂ ಜಿಲ್ಲೆಯಲ್ಲಿ ತುಂಬಾ ಮನೆಗಳಿವೆ.

ಇಲ್ಲಿ ಮಂಜು, ಚಳಿ ಅಂತ ಡಿಸೆಂಬರ್ ಕೊನೆಗೆ ಶಾಲೆ ಮುಚ್ಚಿದರೆ ಜನವರಿ ಮಧ್ಯಕ್ಕೆ ತೆರೆಯುತ್ತಾರೆ. ಈ ಸಲ ಯಜಮಾನರಿಗೂ ರಜೆ ಸಿಕ್ಕಿದೆ. ಸಂಕ್ರಾಂತಿ ಮುಗಿಸಿಕೊಂಡೇ ವಾಪಸ್ ಹೊರಡೋಣ ಅಂತ ಮನಸ್ಸು.

ಇಷ್ಟು ವರ್ಷ ನಾವು ಬರುತ್ತಿದ್ದದ್ದು ಮದುವೆ, ಗೃಹಪ್ರವೇಶಕ್ಕೆ ಮಾತ್ರ. ಒಂದೊಂದು ಮನೆಯಲ್ಲಿ ಕಾಫಿ ಕುಡಿದು, ಕುಂಕುಮ ಹಚ್ಚಿಸಿಕೊಂಡು ಎದ್ದು ಬರುವುದು. ಮಕ್ಕಳಿಗೆ ಯಾರು ಏನಾಗಬೇಕು ಅಂತಾನೇ ಗೊತ್ತಿಲ್ಲ. ಅವರ ದೊಡ್ಡಪ್ಪನನ್ನೇ 'ಅಂಕಲ್' ಅಂತಾರೆ. ಇದು ನನಗೆ ತುಂಬಾ ನೋವು ಕೊಡುತ್ತದೆ. ಅದಕ್ಕೇ ಈ ಸಲ ನಿಂತು ಇರಬೇಕು ಅನ್ನಿಸಿದೆ.

ಆದರೆ ಅಮ್ಮನಿಗೆ 70 ದಾಟಿದೆ, ಮಂಡಿನೋವು. ದುರ್ಗದಲ್ಲಿ ವಾರಗಿತ್ತಿ ಕೆಲಸಕ್ಕೆ ಹೋಗುತ್ತಾರೆ, ಅವರ ಮಗ ಈ ವರ್ಷ ಎಸ್ಸೆಸ್ಸೆಲ್ಸಿ. ನಾಲ್ಕು ಜನ ಹೋಗಿ ಅಷ್ಟು ದಿನ ಕೂತರೆ ಅವರ ಗತಿ ಏನು? ಒಂದೇ ಮನೆಯಲ್ಲಿ ಇರೋದಾ, ಎಲ್ಲರ ಮನೆಗೂ ಹೋಗೋದಾ? ನಡುವೆ ಮಕ್ಕಳಿಗೆ ಕೋಟೆ ತೋರಿಸಬೇಕು, ಹಂಪಿಗೂ ಹೋಗಬೇಕು. ಅನುಭವ ಇರುವವರು ದಯವಿಟ್ಟು ಹೇಳಿ.

ಪಿ.ಜೆ. ಬಡಾವಣೆ:
ಬನ್ನಿ ಅಕ್ಕಾ, ಒಳ್ಳೇ ಕಾಲ. ಮೊದಲು ಟಿಕೆಟ್ ನೋಡಿಕೊಳ್ಳಿ. ರೈಲಿಗೆ ಈಗ 60 ದಿನ ಮೊದಲಷ್ಟೇ ಮುಂಗಡ ಬುಕಿಂಗ್. ಹಿಂದಿನ ಹಾಗೆ ನಾಲ್ಕು ತಿಂಗಳು ಮೊದಲೇ ಮಾಡುವ ಅವಕಾಶ ಇಲ್ಲ. ಕ್ರಿಸ್‌ಮಸ್ ವಾರ ಬೇಗ ತುಂಬಿಹೋಗುತ್ತದೆ. ಬೆಂಗಳೂರಿಗೆ ವಿಮಾನದಲ್ಲಿ ಬಂದರೆ ಅಲ್ಲಿಂದ ಧಾರವಾಡದ ವಂದೇ ಭಾರತ್ ಇದೆ, ದಾವಣಗೆರೆಯಲ್ಲಿ ನಿಲ್ಲುತ್ತದೆ. ರೈಲಲ್ಲೇ ಪೂರ್ತಿ ಬರುವುದಾದರೆ ಉತ್ತರದ ಮಂಜಿಗೆ ಗಾಡಿ ತಡ ಆಗುತ್ತವೆ. ಅದಕ್ಕೆ ಒಂದು ದಿನ ಕೈಯಲ್ಲಿ ಇಟ್ಟುಕೊಳ್ಳಿ. ಬಂದ ದಿನವೇ ಯಾರ ಮನೆಯಲ್ಲೂ ಊಟ ಒಪ್ಪಿಕೊಳ್ಳಬೇಡಿ.

ದುರ್ಗದ ಸೊಸೆ:
ನಾನು ನಿಮ್ಮ ವಾರಗಿತ್ತಿಯ ಜಾಗದಲ್ಲಿ ಇರುವವಳು. ನಮ್ಮ ಮನೆಗೆ ಪ್ರತಿ ಚಳಿಗಾಲಕ್ಕೂ ಯಜಮಾನರ ತಂಗಿ, ತಮ್ಮ ಎಲ್ಲರೂ ಸಂಸಾರ ಸಮೇತ ಬರುತ್ತಾರೆ. ಅವರು ಬಂದರೆ ಮನೆ ತುಂಬುತ್ತದೆ, ಅತ್ತೆಯ ಮುಖ ಅರಳುತ್ತದೆ. ನನಗೂ ಇಷ್ಟ. ಹಾಗಂತ ಕಷ್ಟ ಇಲ್ಲ ಅಂತ ಹೇಳಿದರೆ ಅದು ಸುಳ್ಳು. ಬಾಯಿಬಿಟ್ಟು ಹೇಳಲಾಗದ ನಾಲ್ಕು ಮಾತು ಇಲ್ಲಿ ಹೇಳುತ್ತೇನೆ.

ಬರುವ ದಿನ ಎಲ್ಲರೂ ಹೇಳುತ್ತಾರೆ. ಹೊರಡುವ ದಿನ ಯಾರೂ ಹೇಳುವುದಿಲ್ಲ. 'ಯಾವಾಗ ಹೊರಡ್ತೀರಿ' ಅಂತ ನಾವಂತೂ ಕೇಳೋ ಹಾಗಿಲ್ಲ, ಅದು ನಮ್ಮ ಕಡೆ ತುಂಬಾ ತಪ್ಪು ಮಾತು. ಅದಕ್ಕೆ ನೀವೇ ಮೊದಲೇ ಹೇಳಿಬಿಡಿ. ಇಂಥ ತಾರೀಖಿಗೆ ಬರುತ್ತೇವೆ, ಇಂಥ ತಾರೀಖಿಗೆ ದಾವಣಗೆರೆಗೆ ಹೋಗುತ್ತೇವೆ ಅಂತ. ಅಷ್ಟು ಗೊತ್ತಿದ್ದರೆ ಆಫೀಸಿನಲ್ಲಿ ರಜೆ ಯಾವಾಗ ಹಾಕಬೇಕು, ಸಿಲಿಂಡರ್ ಯಾವಾಗ ಬುಕ್ ಮಾಡಬೇಕು ಅಂತ ನಾನು ನೋಡಿಕೊಳ್ಳಬಹುದು.

ನೀರಿನ ವಿಷಯ. ನಲ್ಲಿ ನೀರು ನಮಗೆ ದಿನಾ ಬರುವುದಿಲ್ಲ. ಬಂದ ದಿನ ಸಂಪು, ಡ್ರಮ್, ಕೊಡ ಎಲ್ಲ ತುಂಬಿಸಿ ಇಡುತ್ತೇವೆ. ದೊಡ್ಡ ಊರಿನಿಂದ ಬಂದ ಮಕ್ಕಳು ಷವರ್ ಬಿಟ್ಟು ಅರ್ಧ ಗಂಟೆ ನಿಲ್ಲುತ್ತಾರೆ. ಅವರಿಗೆ ಗೊತ್ತಿರುವುದಿಲ್ಲ, ಪಾಪ. ಬಂದ ಮೊದಲ ದಿನವೇ ನೀವೇ ಅವರಿಗೆ ಬಕೆಟ್ ತೋರಿಸಿ. ನಾನು ಹೇಳಿದರೆ ಚೆನ್ನಾಗಿರುವುದಿಲ್ಲ, ತಾಯಿ ಹೇಳಿದರೆ ಸಹಜ.

ಇನ್ನು ಅಡುಗೆ. ಎರಡು ದಿನದ ನೆಂಟರಿಗೆ ಹೋಳಿಗೆ ಮಾಡುತ್ತೇವೆ, ಪಾಯಸ ಮಾಡುತ್ತೇವೆ. ಎರಡು ವಾರ ಇರುವವರಿಗೆ ದಿನಾ ಹಾಗೆ ಮಾಡೋಕೆ ಆಗಲ್ಲ. ಆದರೆ ನಾವೇ ನಿಲ್ಲಿಸೋಕೂ ಆಗಲ್ಲ, ಮರ್ಯಾದೆ ಪ್ರಶ್ನೆ. ಆದ್ದರಿಂದ ಮೂರನೇ ದಿನ ಬೆಳಗ್ಗೆ ನೀವೇ ಅಡುಗೆಮನೆಗೆ ಬಂದು 'ಅಕ್ಕಾ, ಇವತ್ತು ಮುದ್ದೆ, ಸೊಪ್ಪಿನ ಸಾರು ಸಾಕು, ನಾನೇ ಮಾಡ್ತೀನಿ' ಅನ್ನಿ. ಅವತ್ತಿಂದ ಮನೆ ಸಲೀಸಾಗಿ ನಡೆಯುತ್ತದೆ.

ದುಡ್ಡು ಕೊಡೋಕೆ ಬರಬೇಡಿ, ಯಾರೂ ತಗೊಳ್ಳುವುದಿಲ್ಲ, ಮನಸ್ಸಿಗೂ ಬೇಜಾರು. ನಮ್ಮ ಮೈದುನ ಒಂದು ಕೆಲಸ ಮಾಡುತ್ತಾರೆ. ಬಂದ ಮಾರನೇ ದಿನ ಅಣ್ಣನ ಗಾಡಿ ತಗೊಂಡು ಹೋಗಿ ಅಕ್ಕಿ, ಬೇಳೆ, ಎಣ್ಣೆ, ಬೆಲ್ಲ, ಕಾಫಿ ಪುಡಿ ತಂದು ಇಟ್ಟುಬಿಡುತ್ತಾರೆ. ಯಾರನ್ನೂ ಕೇಳುವುದಿಲ್ಲ. ತರಕಾರಿಗೂ ದಿನಾ ಅವರೇ ಹೋಗುತ್ತಾರೆ. ಅವರು ಹೊರಟ ಮೇಲೂ ಒಂದು ವಾರ ನನಗೆ ದಿನಸಿ ಚಿಂತೆ ಇರುವುದಿಲ್ಲ. ಅವರ ಮೇಲೆ ನನಗೆ ಎಷ್ಟು ಗೌರವ ಅಂದರೆ ಹೇಳೋಕಾಗಲ್ಲ.

ಪುಣೆ ಕನ್ನಡಿಗ:
ಇಷ್ಟೆಲ್ಲ ತಾಪತ್ರಯ ಯಾಕೆ? ದಾವಣಗೆರೆಯಲ್ಲಿ ಒಳ್ಳೇ ಹೋಟೆಲ್‌ಗಳಿವೆ. ಅಲ್ಲಿ ರೂಮ್ ಮಾಡಿ. ಬೆಳಗ್ಗೆ ಸ್ನಾನ, ತಿಂಡಿ ಮುಗಿಸಿ ನೆಂಟರ ಮನೆಗೆ ಹೋಗಿ, ರಾತ್ರಿ ವಾಪಸ್ ಬನ್ನಿ. ಅವರಿಗೂ ಆರಾಮ, ನಿಮಗೂ ಆರಾಮ. ನಾವು ಈಗ ಹಾಗೇ ಮಾಡುವುದು. ವಯಸ್ಸಾದ ತಾಯಿಗೆ ನಾಲ್ಕು ಜನರ ಹಾಸಿಗೆ, ಬಟ್ಟೆ, ಪಾತ್ರೆ ಅಂತ ಹೊರೆ ಹಾಕುವುದು ಸರಿಯಲ್ಲ.

ಹರಿಹರದ ಹಿರಿಯರು:
ಪುಣೆಯವರ ಕಾಳಜಿ ಅರ್ಥವಾಗುತ್ತದೆ. ಆದರೆ ಸ್ವಂತ ತಾಯಿಯ ಮನೆ ಇರುವ ಊರಲ್ಲಿ ಮಗಳು ಲಾಡ್ಜಿನಲ್ಲಿ ಇಳಿದರೆ ಆ ತಾಯಿ ಓಣಿಯಲ್ಲಿ ತಲೆ ಎತ್ತಿ ಓಡಾಡುತ್ತಾಳೆಯೇ? 'ಯಾಕಮ್ಮ, ಮಗಳು ಮನೇಲಿ ಇಳಿದಿಲ್ವಾ' ಅಂತ ನಾಲ್ಕು ಜನ ಕೇಳುತ್ತಾರೆ. ನನ್ನ ಮಗನೂ ಹೊರದೇಶದಲ್ಲಿ ಇದ್ದಾನೆ. ಅವನು ಬಂದಾಗ ರಾತ್ರಿ ಹಾಲ್‌ನಲ್ಲಿ ಮೊಮ್ಮಕ್ಕಳಿಗೆ ಸಾಲಾಗಿ ಹಾಸಿಗೆ ಹಾಸುತ್ತೇವೆ. ದೀಪ ಆರಿಸಿದ ಮೇಲೆ ಅವರು ಮಾತಾಡುತ್ತಾರಲ್ಲ, ಅದನ್ನು ಕೇಳಲು ನಾನು ವರ್ಷ ಪೂರ್ತಿ ಕಾಯುತ್ತೇನೆ. ಹಗಲೆಲ್ಲ ನಾಚಿಕೊಂಡು ದೂರ ಇದ್ದ ಮಕ್ಕಳು ರಾತ್ರಿ ಒಂದೇ ರಗ್ಗಿನಲ್ಲಿ ಮಲಗಿ ಒಂದಾಗುತ್ತಾರೆ. ಹೋಟೆಲಿನಲ್ಲಿ ಇದ್ದು ಬಂದುಹೋದರೆ ಅದು ಸಿಗುವುದಿಲ್ಲ.

ಪುಣೆ ಕನ್ನಡಿಗ:
ಯಜಮಾನ್ರೇ, ಆ ಹಾಸಿಗೆ ಹಾಸುವವರು, ಬೆಳಗ್ಗೆ ಮಡಿಸುವವರು ಯಾರು ಅನ್ನುವುದೇ ನನ್ನ ಪ್ರಶ್ನೆ. ನಮ್ಮ ಅಮ್ಮ ಹಾಗೆ ದುಡಿದು ದುಡಿದೇ ಸೊಂಟ ಹಿಡಿದುಕೊಂಡರು. ನೆಂಟರು ಖುಷಿಯಾಗಿ ಹೋದ ಮೇಲೆ ಅವರು ಒಂದು ವಾರ ಮಲಗುತ್ತಿದ್ದರು. ಅದನ್ನು ನೋಡಿ ಬೆಳೆದವನು ನಾನು.

ದುರ್ಗದ ಸೊಸೆ:
ಪುಣೆಯವರ ಮಾತು ನನಗೆ ನಾಟಿತು. ಇಬ್ಬರದೂ ನಿಜ. ನಾನು ಹೇಳುವುದು ಇಷ್ಟು. ಮನೆಯಲ್ಲೇ ಇರಿ, ಆದರೆ ನಡುವೆ ಮನೆಯವರಿಗೆ ಎರಡು ದಿನ ಬಿಡುವು ಕೊಡಿ. ನಿಮಗೆ ಹೇಗೂ ಹಂಪಿ ನೋಡಬೇಕಲ್ಲ? ಅದನ್ನು ಕೊನೆಗೆ ಇಡಬೇಡಿ, ಸರಿಯಾಗಿ ಮಧ್ಯಕ್ಕೆ ಇಡಿ. ದುರ್ಗದಿಂದ ಹೊಸಪೇಟೆಗೆ ನೇರ ಹೆದ್ದಾರಿ ಇದೆ, ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮೊದಲೇ ತಲುಪುತ್ತೀರಿ. ಅಲ್ಲಿ ಎರಡು ರಾತ್ರಿ ಹೋಟೆಲಿನಲ್ಲಿ ಇರಿ. ಆ ಎರಡು ದಿನದಲ್ಲಿ ನಿಮ್ಮ ವಾರಗಿತ್ತಿ ಬಟ್ಟೆ ಒಗೆದು, ಮನೆ ಗುಡಿಸಿ, ಮಧ್ಯಾಹ್ನ ಒಂದು ಗಂಟೆ ಮಲಗುತ್ತಾರೆ. ವಾಪಸ್ ಬಂದಾಗ ಅವರು ನಿಮ್ಮನ್ನು ಮತ್ತೆ ಮನಸಾರೆ ಕರೆಯುತ್ತಾರೆ.

ಸಾಧ್ಯವಾದರೆ ಅತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ವಯಸ್ಸಾದವರನ್ನು ನೋಡಿಕೊಳ್ಳುವ ಸೊಸೆಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಮೇಷ್ಟ್ರು, ಜಗಳೂರು:
ನೆಂಟರು ಸಾಮಾನ್ಯವಾಗಿ ಮರೆಯುವ ವಿಷಯ ಒಂದಿದೆ. ನಿಮ್ಮ ಮಕ್ಕಳಿಗೆ ರಜೆ, ಇಲ್ಲಿನ ಮಕ್ಕಳಿಗೆ ರಜೆ ಇಲ್ಲ. ನಮ್ಮ ರಾಜ್ಯದ ಶಾಲೆಗಳಿಗೆ ದಸರಾಕ್ಕೊಂದು, ಬೇಸಿಗೆಗೊಂದು ದೊಡ್ಡ ರಜೆ. ಡಿಸೆಂಬರ್, ಜನವರಿಯಲ್ಲಿ ಪಾಠ ಜೋರಾಗಿ ನಡೆಯುತ್ತಿರುತ್ತದೆ. ನಿಮ್ಮ ಭಾವನ ಮಗ ಎಸ್ಸೆಸ್ಸೆಲ್ಸಿ ಅಂದಿರಿ. ಜನವರಿ ಹೊತ್ತಿಗೆ ಪೂರ್ವಸಿದ್ಧತಾ ಪರೀಕ್ಷೆಗಳ ಗಡಿಬಿಡಿ. ಬೆಳಗ್ಗೆ ಟ್ಯೂಷನ್, ಸಂಜೆ ವಿಶೇಷ ತರಗತಿ. ರಾತ್ರಿ ಹತ್ತರವರೆಗೆ ಹಾಲ್‌ನಲ್ಲಿ ಟಿವಿ, ಇಸ್ಪೀಟು, ನಗು ಇದ್ದರೆ ಆ ಹುಡುಗ ಓದುವುದೆಲ್ಲಿ? 'ಸ್ವಲ್ಪ ಮೆಲ್ಲಗೆ' ಅಂತ ದೊಡ್ಡವರಿಗೆ ಹೇಳುವ ಧೈರ್ಯ ಅವನಿಗಿರುವುದಿಲ್ಲ. ಅಂಕ ಕಡಿಮೆ ಬಂದಾಗ ಮಾತ್ರ ಮನೆಯವರಿಗೆ ಆ ಜನವರಿ ನೆನಪಾಗುತ್ತದೆ.

ಅದಕ್ಕೆ ದುರ್ಗದ ಮನೆಯಲ್ಲಿ ಸಂಜೆ ಏಳರಿಂದ ಎಲ್ಲರೂ ಹೊರಗೆ ಇರುವ ಹಾಗೆ ನೋಡಿಕೊಳ್ಳಿ. ವಾಕಿಂಗ್ ಹೋಗಿ, ಇನ್ನೊಬ್ಬ ನೆಂಟರ ಮನೆಗೆ ಹೋಗಿ. ಅಥವಾ ನಿಮ್ಮ ಯಜಮಾನರೇ ಆ ಹುಡುಗನಿಗೆ ದಿನಾ ಒಂದು ಗಂಟೆ ಗಣಿತ ಹೇಳಿಕೊಡಲಿ. ಚಿಕ್ಕಪ್ಪ ಹೇಳಿಕೊಟ್ಟ ಲೆಕ್ಕ ಹುಡುಗ ಮರೆಯುವುದಿಲ್ಲ.

ಇನ್ನೊಂದು ಒಳ್ಳೇ ವಿಷಯವೂ ಇದೆ. ಈ ತಿಂಗಳುಗಳಲ್ಲೇ ನಮ್ಮ ಶಾಲೆಗಳ ವಾರ್ಷಿಕೋತ್ಸವ ನಡೆಯುವುದು. ಸಂಜೆ ಶಾಲೆಯ ಬಯಲಲ್ಲಿ ವೇದಿಕೆ, ಮಕ್ಕಳ ಕುಣಿತ, ನಾಟಕ. ಊರಿನ ಅರ್ಧ ಜನ ಕುರ್ಚಿ ಹಿಡಿದು ಕೂತಿರುತ್ತಾರೆ. ನೆಂಟರ ಮಕ್ಕಳು ಯಾರಾದರೂ ಕುಣಿಯುತ್ತಿದ್ದರೆ ನಿಮ್ಮ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ. 'ಅವಳು ನಮ್ಮ ಚಿಕ್ಕಪ್ಪನ ಮಗಳು' ಅಂತ ಪಕ್ಕದವರಿಗೆ ಹೇಳುವಾಗ ಸಂಬಂಧ ತಾನಾಗಿ ಬಾಯಿಗೆ ಬರುತ್ತದೆ.

ವಿದ್ಯಾನಗರದ ಮಗಳು:
ಮೇಷ್ಟ್ರೇ, ಇದು ನನಗೆ ಹೊಳೆದೇ ಇರಲಿಲ್ಲ. ಯಜಮಾನರು ಗಣಿತದಲ್ಲಿ ಚೆನ್ನಾಗಿದ್ದಾರೆ, ಖಂಡಿತ ಕೂರಿಸುತ್ತೇನೆ. ದುರ್ಗದ ಅಕ್ಕನ ಮಾತನ್ನು ಇಬ್ಬರೂ ಕೂತು ಎರಡು ಸಲ ಓದಿದೆವು.

ಇನ್ನು ನನ್ನ ಅಮ್ಮನ ವಿಷಯ. ಅಡುಗೆಮನೆಗೆ ಕಾಲಿಟ್ಟರೆ 'ತವರಿಗೆ ಬಂದೀಯ, ಕೂತು ಉಣ್ಣು' ಅಂತ ಓಡಿಸುತ್ತಾಳೆ. ಮಂಡಿ ಹಿಡಿದುಕೊಂಡೇ ರೊಟ್ಟಿ ಬಡಿಯುತ್ತಾಳೆ. ಬೇಡ ಅಂದರೆ ಅಳುತ್ತಾಳೆ. ಏನು ಮಾಡಲಿ?

ಚನ್ನಗಿರಿ ತೋಟ:
ತಂಗೀ, ರೊಟ್ಟಿ ಬಡಿಯುವುದನ್ನು ನಿಲ್ಲಿಸಬೇಡ, ಜಾಗ ಬದಲಾಯಿಸು. ನಮ್ಮ ಅವ್ವನಿಗೂ ಇದೇ ಹಟ ಇತ್ತು. ಅವಳನ್ನು ಒಲೆ ಪಕ್ಕ ಕುರ್ಚಿ ಹಾಕಿ ಕೂರಿಸಿದೆವು. ಕುದಿಯುವ ಎಸರು ಹಿಟ್ಟಿಗೆ ಎಷ್ಟು ಬೀಳಬೇಕು ಅಂತ ಅವಳು ಹೇಳಬೇಕು, ನಾನು ನಾದಬೇಕು. ಹಿಟ್ಟು ಕೈಗೆ ಅಂಟುತ್ತಿದ್ದರೆ ಇನ್ನೂ ನಾದು ಅಂತಾಳೆ, ಅಂಚು ಸೀಳಿದರೆ ನೀರು ಸಾಲದು ಅಂತಾಳೆ. ರೊಟ್ಟಿಯನ್ನು ಹೆಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುವ ಕೆಲಸ ಮಕ್ಕಳಿಗೆ ಕೊಟ್ಟೆವು. ನೀರು ಆರುವ ಹೊತ್ತಿಗೆ ಸರಿಯಾಗಿ ತಿರುವಿ ಹಾಕಬೇಕು. ಉಬ್ಬಿದರೆ ಮಕ್ಕಳಿಗೆ ಸಂಭ್ರಮ. ಮೊದಲ ದಿನ ನನ್ನ ರೊಟ್ಟಿ ನೋಡಿ ಅವ್ವ ಬೈದಳು. ಆಮೇಲೆ ಅವಳೇ ಎಲ್ಲರಿಗೂ ಹೇಳಿಕೊಂಡು ಬಂದಳು, ಮೊಮ್ಮಕ್ಕಳು ರೊಟ್ಟಿ ಕಲಿತರು ಅಂತ. ಅವಳಿಗೆ ಬೇಕಿದ್ದದ್ದು ತನ್ನ ಕೈಯಿಂದ ಮಕ್ಕಳು ಉಣ್ಣಬೇಕು ಅನ್ನೋದು. ಅದು ಹೀಗೂ ಆಗುತ್ತದೆ.

ಜಾಸ್ತಿ ಜನ ಬಂದ ದಿನ ಮಾತ್ರ ಹೊರಗಿನಿಂದ ರೊಟ್ಟಿ ತರಿಸಿ. ದಾವಣಗೆರೆಯಲ್ಲಿ ಮನೆಯಲ್ಲೇ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಬೇಕಾದಷ್ಟು ಇದ್ದಾರೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಅವರ ಹತ್ತಿರವೇ ಸಿಗುತ್ತದೆ. ಎಣ್ಣೆಗಾಯಿ ಒಂದು ಮನೆಯಲ್ಲಿ ಮಾಡಿದರೆ ಊಟ ಆಯಿತು.

ನಮ್ಮ ಕಡೆಗೂ ಒಂದು ದಿನ ಬನ್ನಿ. ಶಾಂತಿಸಾಗರ ಅಂದರೆ ಸೂಳೆಕೆರೆ, ಇಲ್ಲೇ ಇದೆ. ಜನವರಿಯಲ್ಲಿ ಏರಿ ಮೇಲೆ ನಿಂತರೆ ಆಚೆ ದಡ ಕಾಣುವುದಿಲ್ಲ, ಅಷ್ಟು ದೊಡ್ಡ ಕೆರೆ. ಇದರಿಂದ ಹೊರಡುವ ಹಳ್ಳವೇ ಹರಿದ್ರಾ. ಅದು ಹೋಗಿ ಹರಿಹರದಲ್ಲಿ ತುಂಗಭದ್ರೆಗೆ ಸೇರುತ್ತದೆ. ಅಂದರೆ ಇಲ್ಲಿ ನೋಡಿದ ನೀರನ್ನು ನಿಮ್ಮ ನಾದಿನಿ ಊರಲ್ಲಿ ಮತ್ತೆ ನೋಡಬಹುದು, ಮಕ್ಕಳಿಗೆ ಹೇಳಿ. ಹಾಗೇ ಸಂತೇಬೆನ್ನೂರಿಗೆ ಹೋಗಿ. ಕೆಂಗ ಹನುಮಪ್ಪ ನಾಯಕನ ಕಾಲದ ಪುಷ್ಕರಣಿ. ನಾಲ್ಕು ಕಡೆ ಕಲ್ಲಿನ ಮೆಟ್ಟಿಲು, ನೀರಿನ ನಡುವೆ ಮಂಟಪ. ಪಕ್ಕದಲ್ಲೇ ಮುಸಾಫಿರಖಾನೆ ಅಂತ ದೊಡ್ಡ ಕಟ್ಟಡ. ಹಂಪಿಯ ಜನಜಂಗುಳಿ ಇಲ್ಲಿಲ್ಲ. ಬುತ್ತಿ ಬಿಚ್ಚಿ ನೆಮ್ಮದಿಯಾಗಿ ಊಟ ಮಾಡಬಹುದು. ಎಲೆ, ಪ್ಲಾಸ್ಟಿಕ್ ಮಾತ್ರ ಅಲ್ಲಿ ಬಿಡಬೇಡಿ.

ಕೋಟೆ ಹತ್ತುವವ:
ಕೋಟೆ ಬಗ್ಗೆ ಯಾರೂ ಹೇಳಿಲ್ಲವಲ್ಲ! ಏಳು ಸುತ್ತಿನ ಕೋಟೆಯನ್ನು ಒಂದೇ ಬೆಳಗ್ಗೆ ಮುಗಿಸುತ್ತೇವೆ ಅಂತ ಬರಬೇಡಿ. ನೀವು ದುರ್ಗದಲ್ಲೇ ಇರುತ್ತೀರಿ, ಅದೇ ನಿಮ್ಮ ಭಾಗ್ಯ. ಎರಡು ಸಲ ಹೋಗಿ. ಬೆಳಗ್ಗೆ ಏಳಕ್ಕೆಲ್ಲ ಬಾಗಿಲಲ್ಲಿ ಇರಿ. ಜನವರಿಯಲ್ಲೂ ಹತ್ತು ಗಂಟೆ ಆದ ಮೇಲೆ ಆ ಬಂಡೆಗಳು ಕಾಯುತ್ತವೆ.

ಮೊದಲ ಸಲ ಮಕ್ಕಳಿಗೆ ಮದ್ದು ಬೀಸುವ ಕಲ್ಲು ತೋರಿಸಿ. ಗುಂಡಿಯೊಳಗೆ ಆಳೆತ್ತರದ ಬೀಸುಕಲ್ಲುಗಳು ನಿಂತಿವೆ. ಕೋಟೆಗೆ ಬೇಕಾದ ಸಿಡಿಮದ್ದು ಅಲ್ಲಿ ತಯಾರಾಗುತ್ತಿತ್ತು. ನಂತರ ಹಿಡಿಂಬೇಶ್ವರ, ಏಕನಾಥೇಶ್ವರಿ, ಓಬವ್ವನ ಕಿಂಡಿ. ಕಿಂಡಿಯ ಮುಂದೆ ಮಕ್ಕಳನ್ನು ಬಗ್ಗಿ ನುಸುಳಲು ಬಿಡಿ. ಒಬ್ಬೊಬ್ಬರೇ ತಲೆ ಬಗ್ಗಿಸಿ ಬರಬೇಕಾದ ಜಾಗ ಅದು. ಹೈದರಾಲಿಯ ಸೈನಿಕರನ್ನು ಒಬ್ಬ ಹೆಣ್ಣುಮಗಳು ಒನಕೆ ಹಿಡಿದು ಹೇಗೆ ತಡೆದಳು ಅಂತ ಅವರಿಗೆ ಆಗ ಗೊತ್ತಾಗುತ್ತದೆ. ಕೊನೆಗೆ 1779ರಲ್ಲಿ ಕೋಟೆ ಹೈದರನ ಕೈಸೇರಿತು. ಮದಕರಿ ನಾಯಕ ಸೆರೆಯಾದ. ಆ ಕಥೆಯನ್ನು ದುರ್ಗದ ಯಾವುದೇ ಅಜ್ಜಿ ಹೇಳಿದರೂ ಗೈಡ್‌ಗಿಂತ ಚೆನ್ನಾಗಿ ಹೇಳುತ್ತಾರೆ. ಹಿಂದಿನ ರಾತ್ರಿ ಅತ್ತೆಯಿಂದ ಹೇಳಿಸಿ, ಬೆಳಗ್ಗೆ ಹತ್ತಿಸಿ.

ಎರಡನೇ ಸಲ ನೀರಿನ ದಾರಿ ಹಿಡಿಯಿರಿ. ಮೇಲೆ ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ. ಮಳೆ ನೀರು ಒಂದು ತುಂಬಿ ಇನ್ನೊಂದಕ್ಕೆ ಇಳಿಯುತ್ತದೆ. ಕೆಳಗೆ ಊರಲ್ಲಿ ಸಿಹಿನೀರು ಹೊಂಡ, ಸಂತೆ ಹೊಂಡ. ಬರದ ಸೀಮೆಯಲ್ಲಿ ಒಂದು ಹನಿಯೂ ಹಾಳಾಗದ ಹಾಗೆ ಕಟ್ಟಿದ್ದಾರೆ. ಬಕೆಟ್ ಪಾಠ ಮಾಡುವುದಕ್ಕೆ ಇದಕ್ಕಿಂತ ಒಳ್ಳೇ ಜಾಗ ಸಿಗಲ್ಲ, ದುರ್ಗದ ಸೊಸೆ ಅಕ್ಕಾ.

ಚಂದ್ರವಳ್ಳಿಯೂ ಹತ್ತಿರ. ಕೆರೆ, ಕದಂಬರ ಮಯೂರಶರ್ಮನ ಶಾಸನ, ಅಂಕಲಿ ಮಠದ ಗುಹೆ. ಗುಹೆಯೊಳಗೆ ಕತ್ತಲು, ದಾರಿ ಗೊತ್ತಿರುವವರ ಜೊತೆಗೇ ಇಳಿಯಿರಿ. ಕೋತಿಗಳಿವೆ, ಕೈಯಲ್ಲಿ ತಿಂಡಿ ಚೀಲ ಹಿಡಿದು ಹೋಗಬೇಡಿ.

ಮಕ್ಕಳ ವೈದ್ಯೆ, ದಾವಣಗೆರೆ:
ಚಿಕ್ಕ ಮಾತು. ಇಲ್ಲಿನ ಚಳಿ ಬೆಳಗ್ಗೆ ಮತ್ತು ರಾತ್ರಿ ಮಾತ್ರ. ಹೊತ್ತೇರಿದರೆ ಸ್ವೆಟರ್ ಬಿಚ್ಚಬೇಕು. ಹಾಗಾಗಿ ದಪ್ಪ ಜಾಕೆಟ್ ಹೊತ್ತು ತರಬೇಡಿ, ತೆಳು ಬಟ್ಟೆ ಎರಡು ಮೂರು ಪದರ ಸಾಕು. ಭದ್ರಾ ಕಾಲುವೆ ಭಾಗದಲ್ಲಿ ಭತ್ತದ ಕೊಯ್ಲು, ಒಕ್ಕಣೆ ಧೂಳು ಇರಬಹುದು. ಉಬ್ಬಸ ಇರುವ ಮಕ್ಕಳಿದ್ದರೆ ಅವರ ಇನ್‌ಹೇಲರ್ ಮತ್ತು ಔಷಧ ಚೀಟಿ ಜೊತೆಗಿರಲಿ. ನೀರು ಕಾಯಿಸಿ ಆರಿಸಿ ಕುಡಿಸಿ. ನೆಂಟರ ಮನೆಯಲ್ಲಿ ಕೇಳಲು ಸಂಕೋಚ ಬೇಡ. ದಿನಕ್ಕೆ ಮೂರು ಮನೆಯಲ್ಲಿ ತಿಂಡಿ ತಿನ್ನಿಸಿದ ಮಕ್ಕಳೇ ಸಂಜೆ ನಮ್ಮ ಹತ್ತಿರ ಬರುವುದು. ಒಂದು ಮನೆಯಲ್ಲಿ ಊಟ, ಉಳಿದ ಮನೆಯಲ್ಲಿ ನೀರು, ಹಣ್ಣು ಅಂತ ಮೊದಲೇ ತಿಳಿಸಿ.

ಪಿ.ಜೆ. ಬಡಾವಣೆ:
ಡಾಕ್ಟ್ರೇ, ಆದರೂ ಬೆಣ್ಣೆದೋಸೆ ಬಿಡೋಕಾಗಲ್ಲ! ಸೌದೆ ಒಲೆಯ ಕಾವಲಿ ಮೇಲೆ ಬೆಣ್ಣೆ ಕರಗಿ, ಅಂಚು ಗರಿಗರಿ ಆಗಿ, ಒಳಗೆ ಮೆತ್ತಗೆ. ಜೊತೆಗೆ ಬಿಳಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಎಲ್ಲ ನೆಂಟರಿಗೂ ಮನೆಯಲ್ಲಿ ತಿಂಡಿ ಬೇಡ ಅಂತ ಹೇಳಿ ಒಂದು ದಿನ ಎಲ್ಲರನ್ನೂ ನೀವೇ ದೋಸೆಗೆ ಕರೆದುಕೊಂಡು ಹೋಗಿ. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಆ ದಿನ ಯಾವ ಮನೆಯ ಒಲೆಯೂ ಉರಿಯುವುದು ಬೇಡ. ಮಕ್ಕಳನ್ನು ಕುಂದವಾಡ ಕೆರೆಗೆ, ಗಾಜಿನ ಮನೆಗೆ ಬಿಡಿ, ಓಡಾಡಿಕೊಂಡಿರಲಿ.

ದುರ್ಗದ ಸೊಸೆ:
ಇದು ಒಳ್ಳೇ ಉಪಾಯ. ಅಂದಹಾಗೆ ಅವರೆಕಾಯಿ ಕಾಲವೂ ಅದೇ. ಸೊಗಡಿನ ಅವರೆಕಾಯಿ ಒಂದು ಚೀಲ ತನ್ನಿ, ಹಜಾರದಲ್ಲಿ ಸುರಿಯಿರಿ. ಎಲ್ಲರೂ ಸುತ್ತ ಕೂತು ಸುಲಿಯುವುದು. ರಾತ್ರಿ ಕಾಳು ನೆನೆಹಾಕಿ ಬೆಳಗ್ಗೆ ಹಿತಕುವುದು. ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ ಅಂತ ಹೊರಗೆ ಹಾರುತ್ತದೆ. ನಮ್ಮ ಮನೆ ಮಕ್ಕಳು ಯಾರದು ದೂರ ಹೋಗುತ್ತದೆ ಅಂತ ಪಂದ್ಯ ಕಟ್ಟುತ್ತಾರೆ. ಆ ಕೆಲಸ ಒಬ್ಬಳೇ ಮಾಡಿದರೆ ಬೆಳಗಿನ ಹೊತ್ತೆಲ್ಲ ಹೋಗುತ್ತದೆ, ಹತ್ತು ಕೈ ಸೇರಿದರೆ ಮಾತಾಡುತ್ತಾ ಮುಗಿಯುತ್ತದೆ. ಮನೆಯ ಎಲ್ಲ ಸುದ್ದಿಯೂ ನನಗೆ ತಿಳಿಯುವುದು ಆ ಸುಲಿಯುವ ಹೊತ್ತಲ್ಲೇ. ಯಾರ ಕೆಲಸ ಹೋಯಿತು, ಯಾರಿಗೆ ಹೆಣ್ಣು ನೋಡುತ್ತಿದ್ದಾರೆ, ಯಾರ ಸಕ್ಕರೆ ಏರಿದೆ, ಎಲ್ಲ. ಎದುರು ಬದುರು ಸೋಫಾದಲ್ಲಿ ಕೂತು 'ಮತ್ತೇನ್ ಸಮಾಚಾರ' ಅಂದರೆ ಆ ಮಾತು ಬರುವುದೇ ಇಲ್ಲ.

ಹರಿಹರದ ಹಿರಿಯರು:
ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನಮ್ಮ, ಎಲ್ಲರ ಮನೆಗೂ ಹೋಗಬೇಕೇ ಅಂತ. ಹಿರಿಯರು ಇರುವ ಮನೆಗೆ ನೀವು ಹೋಗಿ. ಕಿರಿಯರು ನಿಮ್ಮಲ್ಲಿಗೆ ಬರಲಿ. ಒಂದು ಭಾನುವಾರ ತವರಲ್ಲಿ ಎಲ್ಲರನ್ನೂ ಸೇರಿಸಿ. ಕರೆಯದೆ ಬಿಟ್ಟರು ಅಂತ ಯಾರಿಗೂ ಅನ್ನಿಸಬಾರದು. ಕರೆಯುವಾಗ ವಾಟ್ಸಾಪ್‌ನಲ್ಲಿ ಹಾಕಿ ಸುಮ್ಮನಾಗಬೇಡಿ, ದೊಡ್ಡವರಿಗೆ ಫೋನ್ ಮಾಡಿ ಹೇಳಿ.

ಹಿರಿಯರ ಮನೆಗೆ ಹೋದಾಗ ಹಣ್ಣಿನ ಚೀಲ ಕೊಟ್ಟು ಗಡಿಯಾರ ನೋಡಬೇಡಿ. ಮಧ್ಯಾಹ್ನ ಹೋಗಿ ಸಂಜೆವರೆಗೆ ಇರಿ. ಅವರನ್ನು ಕೇಳಿ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲ ಕಂಡವರು ಇನ್ನೂ ಇದ್ದಾರೆ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು ಈ ಊರನ್ನು. ನಮ್ಮ ತಂದೆ ಗಿರಣಿಯಲ್ಲಿ ಪಾಳಿ ಮಾಡಿದವರು. ಸೈರನ್ ಕೂಗಿದರೆ ಅವ್ವ ಒಲೆ ಮೇಲೆ ಅನ್ನಕ್ಕಿಡುತ್ತಿದ್ದಳು. ಆ ಗಿರಣಿಗಳ ಬಾಗಿಲು ಮುಚ್ಚಿದಾಗ ಎಷ್ಟು ಮನೆಗಳ ಬದುಕು ಬದಲಾಯಿತು ಅಂತ ಅವರನ್ನೇ ಕೇಳಬೇಕು.

ಹಿರಿಯೂರು ಕಡೆ ನೆಂಟರಿದ್ದರೆ ವಾಣಿವಿಲಾಸ ಸಾಗರದ ಬಗ್ಗೆ ಕೇಳಿ. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು ಅದು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಆಮೇಲೆ 2025ರ ಜನವರಿಯಲ್ಲಿ ಇನ್ನೊಮ್ಮೆ. ತಾತ ಹೇಳುತ್ತಿದ್ದ ಕೋಡಿಯನ್ನು ಕಣ್ಣಾರೆ ಕಂಡೆವು ಅಂತ ಜನ ಹಳ್ಳಿಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಹೋಗಿದ್ದರು. ನಿಮ್ಮ ಅತ್ತೆಗೆ ಈ ಕಥೆ ಗೊತ್ತಿರುತ್ತದೆ.

ಮಕ್ಕಳ ಕೈಗೆ ಒಂದು ನೋಟ್‌ಬುಕ್ ಕೊಡಿ. ಹೋದ ಮನೆಯಲ್ಲೆಲ್ಲ ಯಾರು ಯಾರಿಗೆ ಏನಾಗಬೇಕು, ಯಾವ ಊರಿಂದ ಬಂದವರು ಅಂತ ಬರೆದುಕೊಳ್ಳಲಿ. ಬರೆಯುವುದನ್ನು ನೋಡಿದರೆ ಹಿರಿಯರು ಸತ್ತವರ ಹೆಸರನ್ನೂ ನೆನಪು ಮಾಡಿಕೊಂಡು ಹೇಳುತ್ತಾರೆ.

ಹರಿಹರಕ್ಕೆ ಬಂದಾಗ ಹರಿಹರೇಶ್ವರನ ದರ್ಶನ ಮಾಡಿ. ಹೊಯ್ಸಳರ ಕಾಲದಲ್ಲಿ, 1224ರ ಸುಮಾರಿಗೆ ದಂಡನಾಯಕ ಪೊಲಾಳ್ವ ಕಟ್ಟಿಸಿದ ಗುಡಿ. ಅರ್ಧ ಹರಿ, ಅರ್ಧ ಹರ, ಒಂದೇ ಮೂರ್ತಿ.

ಪುಣೆ ಕನ್ನಡಿಗ:
ಯಜಮಾನ್ರೇ, ನೋಟ್‌ಬುಕ್ ಮಾತು ತುಂಬಾ ಹಿಡಿಸಿತು. ನಮ್ಮ ಅಮ್ಮನ ಕಡೆಯ ಎಷ್ಟೋ ಹೆಸರು ಈಗ ಕೇಳೋಣ ಅಂದರೆ ಹೇಳುವವರಿಲ್ಲ. ನಾನೂ ಈ ಸಲ ಮಗಳ ಕೈಗೆ ಒಂದು ಕೊಡುತ್ತೇನೆ. ದೊಡ್ಡಮ್ಮ ಇನ್ನೂ ಇದ್ದಾರೆ, ಮಾಯಕೊಂಡದಲ್ಲಿ.

ವಿದ್ಯಾನಗರದ ಮಗಳು:
ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ! ನಿನ್ನೆ ರಾತ್ರಿ ವಾರಗಿತ್ತಿಗೆ ಫೋನ್ ಮಾಡಿದೆ. ಬರುವ ದಿನ, ಹೊರಡುವ ದಿನ ಎರಡೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹೇಳಿದ್ದು ಒಳ್ಳೇದಾಯ್ತು ಕಣೇ, ನಾನೇ ಹೇಗೆ ಕೇಳೋದು ಅಂತಿದ್ದೆ' ಅಂದರು. ಮಗನಿಗೆ ಗಣಿತ ಹೇಳಿಕೊಡುವ ವಿಷಯ ಕೇಳಿ ಖುಷಿಯಾದರು. ಅತ್ತೆಯನ್ನು ಹಂಪಿಗೆ ಕರೆದುಕೊಂಡು ಹೋಗುತ್ತೇವೆ ಅಂದಿದ್ದಕ್ಕೆ ಅತ್ತೆಯೇ ಫೋನ್ ಕಿತ್ತುಕೊಂಡು 'ನಾನು ಹಂಪಿ ನೋಡಿಲ್ಲ ಕಣಮ್ಮ' ಅಂದರು. ಇಷ್ಟು ಹತ್ತಿರ ಇದ್ದೂ ಯಾರೂ ಕರೆದುಕೊಂಡು ಹೋಗಿರಲಿಲ್ಲ.

ಮೊದಲು ದುರ್ಗ, ನಡುವೆ ಹಂಪಿ, ಆಮೇಲೆ ದಾವಣಗೆರೆ ಅಂತ ಮಾಡಿಕೊಂಡಿದ್ದೇವೆ. ಅಮ್ಮನ ಮನೆಯಲ್ಲಿ ಒಂದು ಭಾನುವಾರ ಎಲ್ಲರನ್ನೂ ಕರೆಯುತ್ತೇವೆ, ಅವತ್ತಿನ ರೊಟ್ಟಿ ಹೊರಗಿನಿಂದ. ಒಂದೇ ಕೇಳಬೇಕಿತ್ತು. ಸಂಕ್ರಾಂತಿ ದಿನ ಎಲ್ಲಿರಬೇಕು? ಅಮ್ಮ, ನಾದಿನಿ ಇಬ್ಬರೂ ಕರೆಯುತ್ತಿದ್ದಾರೆ.

ಹರಿಹರದ ಹಿರಿಯರು:
ಇಬ್ಬರನ್ನೂ ಒಂದೇ ಕಡೆ ಸೇರಿಸಿ. ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಹರಿಹರಕ್ಕೆ ಬನ್ನಿ. ಸಂಕ್ರಾಂತಿಗೆ ಹೊಳೆಯಲ್ಲಿ ಸ್ನಾನ ಮಾಡಲು ಸುತ್ತಲಿನ ಜನ ಬರುತ್ತಾರೆ. ಬೇಗ ಬಂದರೆ ನೂಕುನುಗ್ಗಲು ಇರುವುದಿಲ್ಲ. ಮಕ್ಕಳನ್ನು ಆಳಕ್ಕೆ ಬಿಡಬೇಡಿ, ಹೊಳೆಯಲ್ಲಿ ಗುಂಡಿಗಳಿರುತ್ತವೆ. ನಿಮ್ಮ ಅಮ್ಮನಿಗೆ ಮೆಟ್ಟಿಲು ಇಳಿಯಲು ಆಗದಿದ್ದರೆ ಒಂದು ಚೊಂಬು ನೀರು ತಂದು ತಲೆಗೆ ಪ್ರೋಕ್ಷಣೆ ಮಾಡಿದರೂ ಸಾಕು.

ದುರ್ಗದ ಸೊಸೆ:
ಬುತ್ತಿಗೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮೊಸರನ್ನ, ಅಗಸೆ ಚಟ್ನಿ ಇರಲಿ. ಎಳ್ಳುಬೆಲ್ಲ ಬೀರುವುದನ್ನು ಮಕ್ಕಳಿಗೇ ಒಪ್ಪಿಸಿ, ಮನೆಮನೆಗೂ ಅವರೇ ಹೋಗಲಿ. ಪ್ರತಿ ಬಾಗಿಲಲ್ಲೂ ನಿಂತು 'ದೊಡ್ಡಪ್ಪ, ಎಳ್ಳು ತಗೊಳ್ಳಿ', 'ಅತ್ತೆ, ಎಳ್ಳು ತಗೊಳ್ಳಿ' ಅಂತ ಸಂಬಂಧ ಹಿಡಿದೇ ಕರೆಯಬೇಕು ಅಂತ ಹೇಳಿಕೊಡಿ.

ಹೊರಡುವ ದಿನ ಅಮ್ಮ ಉಡಿ ತುಂಬಿಯೇ ಕಳಿಸುತ್ತಾರೆ. ವಿಮಾನದ ತೂಕ ಅಂತ ಉಡಿಯ ಅಕ್ಕಿ ಬಿಟ್ಟು ಹೋಗಬೇಡಿ, ಸೂಟ್‌ಕೇಸಿನಲ್ಲಿ ಅದಕ್ಕೆ ಜಾಗ ಉಳಿಸಿಕೊಂಡು ಬನ್ನಿ. ಕಡಕ್ ರೊಟ್ಟಿ ಹತ್ತಿಪ್ಪತ್ತು ದಿನ ಕೆಡುವುದಿಲ್ಲ, ಗಟ್ಟಿ ಡಬ್ಬಿಯಲ್ಲಿ ಹಾಕಿದರೆ ಮುರಿಯುವುದೂ ಇಲ್ಲ. ಡಬ್ಬಿ ಅಲ್ಲಿಂದಲೇ ತನ್ನಿ.

ವಿದ್ಯಾನಗರದ ಮಗಳು:
ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುವುದು ಹಿಟ್ಟು ಬಡಿಯುವಾಗಲಾ, ಹೆಂಚಿಗೆ ಹಾಕಿದ ಮೇಲಾ?

ಚನ್ನಗಿರಿ ತೋಟ:
ಬಡಿಯುವಾಗಲೇ ತಂಗೀ. ಅರ್ಧ ಬಡಿದ ಮೇಲೆ ಎಳ್ಳು ಉದುರಿಸಿ ಮತ್ತೆ ಬಡಿ, ಆಗ ಹಿಟ್ಟಿಗೆ ಕಚ್ಚಿಕೊಳ್ಳುತ್ತದೆ. ಹೆಂಚಿಗೆ ಹಾಕಿದ ಮೇಲೆ ಹಾಕಿದರೆ ಎಲ್ಲ ಉದುರಿ ಸೀದುಹೋಗುತ್ತದೆ.